ಚಿಮ್ನಿಯಲ್ಲಿ ಉಳಿದ ಚೀಲ

ಬ್ಯಾಲರಾಟ್
18 ಮೇ 1975

ಪ್ರೀತಿಯ ಆಥಲ್,

ಅಮ್ಮನ ಮನೆಗೆ ಬಂದು ಸೇರಿಕೊಂಡೆ. ಫೆಬ್ರವರಿಯಲ್ಲಿ ಅವಳು ತೀರಿಹೋದ ಮೇಲೆ ಇದು ನಮ್ಮಿಬ್ಬರ ಮನೆ ಎನ್ನಬೇಕು. ಆದರೆ ನೀನು ಆ ದೀಪಸ್ತಂಭ ಬಿಟ್ಟು ಬರುವ ಪೈಕಿಯಲ್ಲ, ಹಾಗಾಗಿ ಸದ್ಯಕ್ಕೆ ನನ್ನದು ಮತ್ತು ಟ್ರೂಡಿಯದು ಎಂದಿಟ್ಟುಕೋ. ಕೆನ್ ನಮ್ಮನ್ನು ಬಿಟ್ಟುಹೋದ ಮೇಲೆ ಐದು ವರ್ಷದ ಮಗುವನ್ನು ಕಟ್ಟಿಕೊಂಡು ಮೆಲ್ಬರ್ನಿನ ಬಾಡಿಗೆ ಕೋಣೆಯಲ್ಲಿ ಎಷ್ಟು ದಿನ ಅಂತ ಇರಲಿ? ಅವನನ್ನು ಮದುವೆಯಾಗಬೇಡ ಎಂದದ್ದಕ್ಕೆ ಅಮ್ಮನ ಮೇಲೆ ಸಿಟ್ಟು ಮಾಡಿಕೊಂಡು, ಇದೇ ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದವಳು ನಾನು. ಈಗ ಅದೇ ಬಾಗಿಲು ತಳ್ಳಿಕೊಂಡು ಒಳಗೆ ಬರುವಾಗ ಮುಖ ಸಣ್ಣದಾಯಿತು. ಚುಚ್ಚಲು ಅಮ್ಮ ಇರಲಿಲ್ಲ ಅಷ್ಟೆ. ಪಕ್ಕದ ಮನೆಯವರು ಇಷ್ಟು ದಿನ ನೋಡಿಕೊಂಡಿದ್ದ ಅವಳ ಮುದಿ ನಾಯಿ ಟಫಿ ಬಂದು ನನ್ನ ಷೂ ಮೂಸಿ ಹಿಂದಕ್ಕೆ ಹೋಯಿತು.

ಇಲ್ಲಿನ ಚಳಿ ನನಗೆ ಮರೆತೇಹೋಗಿತ್ತು. ಟ್ರೂಡಿಯ ಎದೆ ಮೊದಲೇ ಗೊರಗೊರ. ಸೌದೆ ಸೀಳಲು ನನ್ನ ಕೈಯಲ್ಲಿ ಆಗುವುದಿಲ್ಲ. ಅದಕ್ಕೇ ಮುಂದಿನ ಕೋಣೆಯ ಬೆಂಕಿಗೂಡಿಗೆ ಗ್ಯಾಸ್ ಹೀಟರ್ ಹಾಕಿಸಿಬಿಟ್ಟೆ. ಅಮ್ಮ ಸೌದೆ ಉರಿಸುತ್ತಿದ್ದ ಗೂಡಿನ ಬಾಯಿಗೆ ಪೂರ್ತಿ ತಗಡು ಹೊಡೆದು, ಅದರ ಮುಂದೆ ಹೀಟರ್ ನಿಲ್ಲಿಸಿದ್ದಾರೆ. ಹಿಂದಿನಿಂದ ಒಂದು ಮೋಟು ಕೊಳವೆ ತಗಡನ್ನು ತೂರಿ ಚಿಮ್ನಿಯೊಳಗೆ ಹೋಗುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಒಂದು ಗುಂಡಿ ತಿರುಗಿಸಿದರೆ ಮುಗಿಯಿತು. ಕೂಡಿಸಲು ಬಂದವನು ಕೆಲಸ ಶುರುಮಾಡುವ ಮೊದಲು, "ಈ ಚಿಮ್ನೀನ ಕೊನೇ ಸಲ ಯಾರು ನೋಡಿದ್ದು?" ಅಂದ. ತಮ್ಮನ್ನ ಕೇಳಿ ಹೇಳ್ತೀನಿ ಅಂದೆ. "ಆ ಸಮುದ್ರದ ಮಧ್ಯದಿಂದ ಉತ್ತರ ಬರೋ ಹೊತ್ತಿಗೆ ನಿಮ್ಮ ಮಗಳಿಗೆ ಮದುವೆ ಆಗಿರತ್ತೆ ಬಿಡಿ," ಎಂದು ನಕ್ಕು ಕೂಡಿಸಿಯೇಬಿಟ್ಟ. "ಇದು ಹೊಸ ಗ್ಯಾಸು. ಹಳೇದರ ಥರ ವಿಷ ಇಲ್ಲ. ಮೂಸ್ಕೊಂಡೇ ಮಲಗಿದ್ರೂ ಏನೂ ಆಗಲ್ಲ," ಎಂದೂ ಹೇಳಿದ.

ಆದರೂ ಕೇಳುತ್ತೇನೆ. ಚಿಮ್ನಿಯ ವಿಷಯದಲ್ಲಿ ನನಗೆ ಗೊತ್ತಿರಬೇಕಾದದ್ದು ಏನಾದರೂ ಇದೆಯೇ? ನಾನು ಹೋದ ಮೇಲೂ ಅಮ್ಮನ ಜೊತೆ ಇದ್ದವನು ನೀನು.

ನಿನ್ನ ಅಕ್ಕ,
ನೊರೀನ್


ಸ್ಕಲಿ ದ್ವೀಪ, ದೀಪಸ್ತಂಭ
28 ಮೇ 1975

ಪ್ರೀತಿಯ ನೊರೀನ್,

ನಿನ್ನ ಕಾಗದ ಇಂದಿನ ದೋಣಿಯಲ್ಲಿ ಬಂತು. ದೋಣಿ ಹಿಂತಿರುಗುವ ಮುಂಚೆ ಇದನ್ನು ಗೀಚಿ ಕೊಡಬೇಕು, ಇಲ್ಲದಿದ್ದರೆ ಮತ್ತೆ ಹದಿನೈದು ದಿನ. ಮುಖ್ಯ ಕಾವಲುಗಾರ ಡಡ್ಲಿ ಆಗಲೇ ಹೊರಗಿನಿಂದ, "ಪ್ರೇಮಪತ್ರಾನೋ ಏನೋ? ಬೇಗ ಮುಗ್ಸು ಮಾರಾಯಾ," ಎಂದು ಕೂಗುತ್ತಿದ್ದಾನೆ.

ಅಮ್ಮನ ಕೋಣೆಗೆ ಗ್ಯಾಸ್ ಬಂತು ಎಂದರೆ ನನಗೆ ನಗು ಬರುತ್ತದೆ. ಹಳೆಯ ಕಲ್ಲಿದ್ದಲ ಗ್ಯಾಸ್ ಸೋರಿ ನಮ್ಮ ಬೀದಿಯ ಹಾಕಿಂಗ್ ದಂಪತಿ ಮಲಗಿದ್ದಲ್ಲೇ ಹೋದ ಮೇಲೆ ಅವಳು ಗ್ಯಾಸಿನ ಹೆಸರೆತ್ತಿದರೆ ಉರಿದುಬೀಳುತ್ತಿದ್ದಳು. ಹೊಸದು ಹಾಗಲ್ಲ ಎಂದು ಪತ್ರಿಕೆಯವರೂ ಬರೆದಿದ್ದರು, ಬಿಡು. ಚಿಮ್ನಿಯ ಬಗ್ಗೆ ಚಿಂತೆ ಬೇಡ. ಅಮ್ಮ ಅದನ್ನು ವರ್ಷಾವರ್ಷ ಶುಚಿ ಮಾಡಿಸುತ್ತಿದ್ದಳು. ಸತ್ತ ಸೈನಿಕರ ನೆನಪಿನ ಆನ್ಜಾಕ್ ದಿನಕ್ಕೆ ಅದನ್ನು ಸಜ್ಜು ಮಾಡಿ, ಆಮೇಲೆಯೇ ಮೊದಲ ಬೆಂಕಿ ಹಾಕುವುದು ಅವಳ ಪದ್ಧತಿ. ಏಪ್ರಿಲ್ ಇಪ್ಪತ್ತೈದು ಕಳೆದು ತಿಂಗಳಾಯಿತಲ್ಲ, ಎಲ್ಲ ಸರಿಯೇ ಇರುತ್ತದೆ. ನೀನು ಮಾತ್ರ ಒಳಗೆ ಕೈ ಹಾಕಿ ಕೆದಕಲು ಹೋಗಬೇಡ. ಬರೀ ಮಸಿ, ಇನ್ನೇನಿಲ್ಲ.

ಟ್ರೂಡಿಗೆ ಒಂದು ಚಿಪ್ಪು ಇಟ್ಟಿದ್ದೇನೆ. ಒಡೆದಿದ್ದರೆ ಅದು ದೋಣಿಯವರ ತಪ್ಪು.

ನಿನ್ನ,
ಆಥಲ್


ಬ್ಯಾಲರಾಟ್
8 ಜೂನ್ 1975

ಪ್ರೀತಿಯ ಆಥಲ್,

ಚಿಪ್ಪು ಒಡೆದಿರಲಿಲ್ಲ. ಟ್ರೂಡಿ ಅದನ್ನು ಕಿವಿಗಿಟ್ಟುಕೊಂಡು, "ಮಾಮ ಇದರೊಳಗಿಂದ ಮಾತಾಡ್ತಾನಾ?" ಎಂದು ಕೇಳಿದಳು. ನಿಮ್ಮ ಮಾಮ ಎದುರಿಗೆ ಕೂತರೂ ಮಾತಾಡುವುದಿಲ್ಲ ಎಂದೆ.

ನಗಿಸುವುದು ಇಷ್ಟೇ. ಇನ್ನು ಮುಂದಿನದನ್ನು ಓದಿ ನನಗೆ ಹುಚ್ಚು ಎನ್ನಬೇಡ.

ನಮ್ಮಿಬ್ಬರಿಗೂ ಮೈ ಸರಿಯಿಲ್ಲ. ಬೆಳಗ್ಗೆ ಏಳುವಾಗಲೇ ತಲೆ ಸಿಡಿಯುತ್ತದೆ, ಮಗುವಿಗೆ ವಾಂತಿ. ಡಾಕ್ಟರ ಹತ್ತಿರ ಹೋದರೆ, "ಊರಿಗೆಲ್ಲ ಫ್ಲೂ ಬಂದಿದೆ, ಮನೇಲಿ ಬೆಚ್ಚಗಿರಿ," ಎಂದರು. ಸರಿ ಎಂದುಕೊಂಡೆ. ಕಳೆದ ಶನಿವಾರ ಜೀಲಾಂಗಿಗೆ ಗೆಳತಿಯ ಮನೆಗೆ ಹೋದೆವು. ಅಲ್ಲಿ ಎರಡು ದಿನ ಇಬ್ಬರೂ ಗುಂಡುಕಲ್ಲಿನಂತಿದ್ದೆವು. ಟ್ರೂಡಿ ಮೂರು ಹೊತ್ತು ಉಂಡಳು. ವಾಪಸ್ ಬಂದು ಈ ಮನೆಯಲ್ಲಿ ಒಂದು ರಾತ್ರಿ ಕಳೆದೆವು ನೋಡು, ಮತ್ತೆ ಅದೇ. ಊರಿಗೆಲ್ಲ ಬಂದ ಫ್ಲೂ ಜೀಲಾಂಗಿನಲ್ಲಿ ಬಿಟ್ಟುಹೋಗಿ ಈ ಹೊಸಿಲಿನಲ್ಲಿ ಕಾದುಕೊಂಡಿರುತ್ತದೆಯೇ?

ಟಫಿ ಮುಂದಿನ ಕೋಣೆಗೆ ಕಾಲಿಡುವುದಿಲ್ಲ. ನಾವು ಮಲಗುವುದು ಅಲ್ಲೇ, ಬೆಚ್ಚಗಿರುವುದು ಅದೊಂದೇ ಕೋಣೆ. ನಾಯಿ ಬಾಗಿಲಲ್ಲಿ ನಿಂತು ಅಮ್ಮನ ಕುರ್ಚಿಯ ಕಡೆ ನೋಡಿ ಗುರುಗುಟ್ಟುತ್ತದೆ. ಆ ಕುರ್ಚಿ ಗೊತ್ತಲ್ಲ, ಬೆಂಕಿಗೂಡಿನ ಪಕ್ಕದ್ದು. ಕಿಟಕಿಗಳಲ್ಲಿ ಒಳಗಿನಿಂದ ನೀರು ಇಳಿಯುತ್ತದೆ, ಒರೆಸಿದಷ್ಟೂ ಇಳಿಯುತ್ತದೆ. "ಮನೆ ಅಳ್ತಾ ಇದೆ," ಅಂತಾಳೆ ಟ್ರೂಡಿ. ನನಗೆ ಅವಳ ಬಾಯಿ ಮುಚ್ಚಬೇಕೆನ್ನಿಸಿತು.

ಹೀಟರ್ ಒಂದೇ ಈ ಮನೆಯಲ್ಲಿ ನನಗೆ ಸಮಾಧಾನ. ಮೊದಮೊದಲು ಉರಿ ನೀಲಿಯಾಗಿ, ಆಸ್ಪತ್ರೆಯ ದೀಪದಂತೆ ಕಾಣುತ್ತಿತ್ತು. ಈಗ ತಾನಾಗಿಯೇ ಹಳದಿಗೆ ತಿರುಗಿದೆ, ಸೌದೆಯ ಬೆಂಕಿಯ ಹಾಗೆಯೇ ಮೆಲ್ಲಗೆ ಓಲಾಡುತ್ತದೆ. ನೋಡುತ್ತ ಕೂತರೆ ಕಣ್ಣು ಎಳೆಯುತ್ತದೆ.

ಅಮ್ಮನಿಗೆ ನಾನು ಬಂದದ್ದು ಇಷ್ಟವಿಲ್ಲವೇನೋ. ನನ್ನ ಹಸಿರು ಕೋಟು ನೆನಪಿದೆಯೇ? ಉಣ್ಣೆ ಗಿರಣಿಯ ಮೊದಲ ಸಂಬಳದಲ್ಲಿ ಹೊಲಿಸಿಕೊಂಡದ್ದು. ಜಗಳದ ಭರದಲ್ಲಿ ಗೂಟದ ಮೇಲೆಯೇ ಬಿಟ್ಟು ಹೋಗಿದ್ದೆ. ಆಮೇಲೆ ಫೋನ್ ಮಾಡಿ ಕಳಿಸು ಎಂದರೆ, "ಬೆಂಕಿಗೂಡಿಗೆ ಹಾಕ್ದೆ. ನೀನೂ ಇಲ್ಲ, ನಿನ್ನ ಕೋಟೂ ಇಲ್ಲ," ಎಂದು ಇಟ್ಟುಬಿಟ್ಟಳು. ಅದೇ ಗೂಡಿನ ಮುಂದೆ ಈಗ ನನ್ನ ಮಗುವನ್ನು ಮಲಗಿಸಿದ್ದೇನೆ. ಹೆದರಿಕೆಯಾಗುತ್ತಿದೆ ಆಥಲ್. ಯಾಕೆಂದು ಗೊತ್ತಿಲ್ಲ, ಹೆದರಿಕೆಯಾಗುತ್ತಿದೆ.

ನೊರೀನ್


ಸ್ಕಲಿ ದ್ವೀಪ
11 ಜೂನ್ 1975

ಪ್ರೀತಿಯ ನೊರೀನ್,

ನಿನಗೆ ಹುಚ್ಚಿಲ್ಲ. ಆದರೆ ಅಮ್ಮ ಹೋಗಿ ನಾಲ್ಕು ತಿಂಗಳಾಗಿಲ್ಲ, ಗಂಡನೂ ಬಿಟ್ಟುಹೋಗಿದ್ದಾನೆ, ಮಗುವಿನ ಜವಾಬ್ದಾರಿ ಬೇರೆ. ಇಷ್ಟಾದರೆ ಯಾರಿಗಾದರೂ ಕುರ್ಚಿಯಲ್ಲಿ ಯಾರೋ ಕೂತಂತೆ ಕಾಣುತ್ತದೆ. ಕೆನ್ ಹೋದಾಗ ಡಾಕ್ಟರು ಕೊಟ್ಟ ನಿದ್ದೆಮಾತ್ರೆಯನ್ನು ಇನ್ನೂ ನುಂಗುತ್ತಿದ್ದೀಯಾ? ಬೇಜಾರು ಮಾಡಿಕೊಳ್ಳಬೇಡ, ಕೇಳಿದೆ ಅಷ್ಟೆ.

ಉಳಿದದ್ದೆಲ್ಲ ಚಳಿಗಾಳಿಯ ಕೆಲಸ. ಆ ಮನೆಗೆ ಎಷ್ಟು ಕಿಂಡಿಗಳಿವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೀಗೆ ಮಾಡು. ಮುಂಬಾಗಿಲ ಕೆಳಗೆ ಕಂಬಳಿ ಸುತ್ತಿ ಒತ್ತಿಬಿಡು. ಕಿಟಕಿಯ ಸಂದಿಗಳಿಗೆ ಪತ್ರಿಕೆ ಮಡಿಸಿ ತುರುಕು. ಗೋಡೆಯ ಮೇಲ್ಭಾಗದಲ್ಲಿರುವ ತೂತಿನ ಇಟ್ಟಿಗೆಗೂ ಒಂದು ಬಟ್ಟೆ ಹೊಡಿ, ಗಾಳಿ ಎಲ್ಲ ಅಲ್ಲಿಂದಲೇ ಬರುವುದು. ಹೀಟರನ್ನು ರಾತ್ರಿಯಿಡೀ ಉರಿಸು. ಮಗುವಿನ ಎದೆಗಿಂತ ಗ್ಯಾಸ್ ಹೆಚ್ಚಲ್ಲ. ಬೆಚ್ಚಗೆ ಎರಡು ವಾರ ಮಲಗಿದರೆ ಎಲ್ಲ ಸರಿಹೋಗುತ್ತದೆ.

ಕೋಟಿನ ವಿಷಯ ಹಳೆಯದಾಯಿತು. ಅದನ್ನು ಕೆದಕಿ ಏನು ಮಾಡುತ್ತೀಯ, ಬಿಡು.

ನಿನ್ನ,
ಆಥಲ್


ಬ್ಯಾಲರಾಟ್
17 ಜೂನ್ 1975

ಪ್ರೀತಿಯ ಆಥಲ್,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಕಂಬಳಿ, ಪತ್ರಿಕೆ, ಇಟ್ಟಿಗೆಯ ತೂತಿಗೆ ಬಟ್ಟೆ. ಕೋಣೆ ಈಗ ಡಬ್ಬಿಯ ಹಾಗೆ ಬಿಗಿಯಾಗಿದೆ. ಮಾತ್ರೆ ಬಿಟ್ಟು ವರ್ಷವಾಯಿತು, ಕೇಳಿದ್ದಕ್ಕೆ ಬೇಜಾರಾಗಿದೆ.

ಆದರೆ ಅಮ್ಮ ಬಂದಿದ್ದಾಳೆ. ಸುಮ್ಮನೆ ಹೇಳುತ್ತಿಲ್ಲ. ಹೀಟರ್ ಕಾದ ಮೇಲೆ ಕೋಣೆಯ ತುಂಬ ಅವಳ ಬೀರುವಿನ ವಾಸನೆ ಬರುತ್ತದೆ. ನುಸಿಗುಳಿಗೆಯ ವಾಸನೆ. ಅವಳ ಬೀರು ಖಾಲಿ ಮಾಡಿ, ಬಟ್ಟೆಯೆಲ್ಲ ಚರ್ಚಿಗೆ ಕೊಟ್ಟು ಎಷ್ಟೋ ದಿನವಾಯಿತು. ಮನೆಯಲ್ಲಿ ಒಂದು ಗುಳಿಗೆಯೂ ಇಲ್ಲ, ಹುಡುಕಿದೆ. ಆದರೂ ಬರುತ್ತದೆ, ಬೆಂಕಿಗೂಡಿನ ಕಡೆಯಿಂದ. ಹೀಟರಿನ ಮೇಲಿನ ಗೋಡೆಯಲ್ಲಿ ಕಪ್ಪಗೆ ಒಂದು ಕಲೆ ಎದ್ದಿದೆ, ಅಂಗೈ ಇಟ್ಟ ಹಾಗೆ. ಎರಡು ಸಲ ತೊಳೆದೆ, ಮತ್ತೆ ಬಂತು. ನಿನ್ನೆ ಸಂಜೆ ಕುರ್ಚಿಯಲ್ಲಿ ಅವಳು ಕೆಮ್ಮಿದ್ದು ಕೇಳಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಇನ್ನೊಂದು ಮಾತು. ಅದನ್ನು ಮುಚ್ಚಿಟ್ಟಿದ್ದೆ. ಹೀಟರ್ ಕೂಡಿಸಿದ್ದು ಗ್ಯಾಸ್ ಕಚೇರಿಯವರಲ್ಲ. ಅವರಲ್ಲಿ ನನ್ನ ಸರದಿ ಆಗಸ್ಟಿಗೆ ಬರುತ್ತಿತ್ತು. ಹಿಂದಿನ ಬೀದಿಯ ಮರ್ವ್ ಪ್ಯಾಸ್ಕೊ ಕೂಡಿಸಿದ. ಊರಿಗೆ ಹೊಸ ಗ್ಯಾಸ್ ಬಂದಾಗ ಕೊಳವೆಗೆ ಕಂದಕ ತೋಡುವ ತಂಡದಲ್ಲಿದ್ದನಲ್ಲ, ಅವನೇ. ಒಂದು ಶನಿವಾರ ಮಧ್ಯಾಹ್ನದ ಕೆಲಸ, ಕೂಲಿಗೆ ಒಂದು ಡಜನ್ ಬಿಯರ್. ಇಲ್ಲಿ ಎಲ್ಲರೂ ಹಾಗೇ ಮಾಡಿಸುವುದು. ಹೇಳಿದರೆ ನೀನು ಬೈಯುತ್ತೀಯ ಎಂದು ಹೇಳಲಿಲ್ಲ. ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ತಗಡು ಹೊಡೆಯುವಾಗ ಅವನು ಗೂಡಿನೊಳಗೆ ತಲೆ ಹಾಕಿ ಕೂಡ ನೋಡಲಿಲ್ಲ. ಅಮ್ಮ ಅದರೊಳಗೇ ಇದ್ದಳೇನೋ ಎಂದು ನನಗೆ ಅನ್ನಿಸಲು ಶುರುವಾಗಿದೆ. ಅವಳನ್ನು ಒಳಗಿಟ್ಟು ತಗಡು ಹೊಡೆದುಬಿಟ್ಟೆವು.

ಬಾ ಆಥಲ್. ಒಂದು ಸಲ ಬಂದು ಹೋಗು.

ನೊರೀನ್


ಬ್ಯಾಲರಾಟ್
22 ಜೂನ್

ಆಥಲ್,

ಭಾನುವಾರ ಇರಬೇಕು. ಚರ್ಚಿನ ಗಂಟೆ ಕೇಳಿಸಿತು.

ಟ್ರೂಡಿಯನ್ನು ಎಬ್ಬಿಸಿದರೆ ಏಳುವುದಿಲ್ಲ, ಎದ್ದರೆ ಮತ್ತೆ ಮಲಗುತ್ತಾಳೆ. ಕೆನ್ನೆ ಮಾತ್ರ ಗುಲಾಬಿ, ನೋಡಿದವರು ಎಷ್ಟು ಚೆನ್ನಾಗಿದ್ದಾಳೆ ಅನ್ನಬೇಕು. ಅಂಚೆಪೆಟ್ಟಿಗೆವರೆಗೆ ನಡೆದರೆ ನನ್ನ ತಲೆ ತಿಳಿಯಾಗುತ್ತದೆ. ಒಳಗೆ ಬಂದರೆ ಮತ್ತೆ ಕಾಲು ನನ್ನದಲ್ಲ. ಅಮ್ಮ ನಮ್ಮನ್ನು ಹೊರಗೆ ಹಾಕಬೇಕು ಅಂತ ಮಾಡುತ್ತಿದ್ದಾಳೆ. ಹೋಗಲು ಜಾಗ ಎಲ್ಲಿದೆ. ನಾಳೆ ಜೀಲಾಂಗಿಗೆ ಹೋಗಬೇಕು. ಬಟ್ಟೆ ಮಡಿಸಬೇಕು. ನಾಳೆ ಮಡಿಸುತ್ತೇನೆ. ಇವತ್ತು ತುಂಬ ಚಳಿ, ಉರಿ ದೊಡ್ಡದು ಮಾಡಿದ್ದೇನೆ. ಹಳದಿ, ಎಷ್ಟು ಚೆಂದ. ನೀನು ಹೇಳಿದ್ದನ್ನೆಲ್ಲ ಮಾಡಿದೆ ಅಂತ ಬರೆದೆನಾ? ಮಾಡಿದೆ.

ನೊ


ತಂತಿ
27 ಜೂನ್ 1975, ಶುಕ್ರವಾರ
ನೊರೀನ್ ಅವರಿಗೆ, ಬ್ಯಾಲರಾಟ್. ತುರ್ತು.

ಗ್ಯಾಸ್ ಆರಿಸು. ಕಿಟಕಿ ಬಾಗಿಲು ತೆಗೆ. ಮಗುವನ್ನು ಹೊರಗೆ ಒಯ್ಯಿ. ಮನೆಯೊಳಗೆ ಇರಬೇಡ. ಚಿಮ್ನಿಯಲ್ಲಿ ಚೀಲವಿದೆ. ಆಥಲ್.


ಸ್ಕಲಿ ದ್ವೀಪ
27 ಜೂನ್ 1975, ಸಂಜೆ

ನೊರೀನ್,

ಇದನ್ನು ಓದಲು ನೀನು ಇರುತ್ತೀಯೋ ಇಲ್ಲವೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಬುಧವಾರ ಬರಬೇಕಿದ್ದ ದೋಣಿ ಬಿರುಗಾಳಿಗೆ ಸಿಕ್ಕಿ ಇಂದು ಮಧ್ಯಾಹ್ನ ಬಂತು, ನಾಳೆ ಬೆಳಗ್ಗೆ ಹಿಂತಿರುಗುತ್ತದೆ. ನಿನ್ನ ಎರಡು ಕಾಗದಗಳೂ ಒಟ್ಟಿಗೆ ಬಂದವು. ಮೊದಲನೆಯದರಲ್ಲಿ ನುಸಿಗುಳಿಗೆ ಎನ್ನುವ ಮಾತಿಗೆ ಬರುತ್ತಿದ್ದಂತೆ ಕುರ್ಚಿಯಿಂದ ಎದ್ದುಬಿಟ್ಟೆ. ಎರಡನೆಯದನ್ನು ನಿಂತುಕೊಂಡೇ ಓದಿದೆ. ಆಮೇಲೆ ರೇಡಿಯೊ ಕೋಣೆಗೆ ಓಡಿದೆ. ಬಿರುಗಾಳಿಗೆ ರೇಡಿಯೊದಲ್ಲಿ ಬರೀ ಗೊರಗೊರ. ಡಡ್ಲಿ ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, "ನೀನು ಕಿರುಚಿದ್ರೆ ಅವರಿಗೆ ಏನೂ ಕೇಳ್ಸಲ್ಲ. ಹೇಳು, ನಾನ್ ಹೇಳ್ತೀನಿ," ಎಂದ. ಒಂದೊಂದೇ ಮಾತು, ಮತ್ತೆ ಮತ್ತೆ. "ಚೀಲ. ಚೀಲ ಕಣ್ರೀ. ಚಿಮ್ನೀಲಿ. ಬರ್ಕೊಂಡ್ರಾ?" ಕೊನೆಗೆ ಅತ್ತಲಿಂದ "ಬರೆದುಕೊಂಡೆವು" ಎಂಬುದು ಬಂತು, ಆಮೇಲೆ ಎಲ್ಲ ನಿಂತುಹೋಯಿತು. ಅದು ನಿನಗೆ ತಲುಪಿತೋ, ಅಂಚೆ ಕಚೇರಿಯ ಮೇಜಿನ ಮೇಲೆ ಬಿದ್ದಿದೆಯೋ, ಯಾರೂ ಹೇಳುವವರಿಲ್ಲ.

ಈಗ ಆ ಚೀಲದ ವಿಷಯ. ನೀನು ಮನೆ ಬಿಟ್ಟ ಮರುವರ್ಷ ಬೇಸಿಗೆಯಲ್ಲಿ ಚಿಮ್ನಿಯಿಂದ ಒಂದು ಪಾಸಮ್ ಮರಿ, ಮರ ಹತ್ತುವ ಆ ಪ್ರಾಣಿಯದು, ಮುಂದಿನ ಕೋಣೆಗೆ ಬಿದ್ದು, ಇಡೀ ಕೋಣೆಗೆ ಮಸಿ ಬಳಿದು ಓಡಾಡಿತು. ಅವತ್ತಿನಿಂದ ಅಮ್ಮ ನವೆಂಬರಿನಲ್ಲಿ ಕುದುರೆ ರೇಸಿನ ದಿನ ಚಿಮ್ನಿಯ ಕತ್ತಿಗೆ ಒಂದು ಗೋಣಿಚೀಲ ತುರುಕಿಸುತ್ತಿದ್ದಳು. ಚಳಿ ಶುರುವಾಗುವಾಗ, ಆನ್ಜಾಕ್ ದಿನ ಮೆರವಣಿಗೆಯಿಂದ ಬಂದು ಟೋಪಿ ತೆಗೆಯುವ ಮೊದಲೇ, ಅದನ್ನು ಕೆಳಗೆ ಎಳೆಸುತ್ತಿದ್ದಳು. ನಾನು ಇಲ್ಲಿಗೆ ಬಂದ ಮೇಲೆ ಪಕ್ಕದ ಮನೆಯವನ ಕೈಲಿ ಎಳೆಸುತ್ತಿದ್ದಳು. ಒಂದು ವರ್ಷವೂ ತಪ್ಪಲಿಲ್ಲ. ನೀನು ಮೇ ತಿಂಗಳಲ್ಲಿ ಚಿಮ್ನಿಯ ಬಗ್ಗೆ ಕೇಳಿದಾಗ, ಆನ್ಜಾಕ್ ದಿನ ಕಳೆದಿದೆ, ಚೀಲ ಹೊರಬಂದಿರುತ್ತದೆ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿಬಿಟ್ಟಿತು. ತೆಗೆಸುವವಳು ಫೆಬ್ರವರಿಯಲ್ಲೇ ಸತ್ತಿದ್ದಳು ನೊರೀನ್. ನಮ್ಮಮ್ಮ ಸತ್ತಿದ್ದಾಳೆ ಎನ್ನುವುದು ನನಗೆ ಗೊತ್ತಿತ್ತು, ನನ್ನ ತಲೆಯೊಳಗಿನ ಆನ್ಜಾಕ್ ದಿನಕ್ಕೆ ಅದು ಗೊತ್ತಿರಲಿಲ್ಲ. ಹೀಗೂ ಒಬ್ಬ ಮನುಷ್ಯ ಮೂರ್ಖನಾಗಬಹುದೇ?

ಅಷ್ಟೇ ಆಗಿದ್ದರೆ ಚೀಲದ ಮಾತನ್ನು ಸುಮ್ಮನೆ ಬಾಯಿಬಿಟ್ಟಾದರೂ ಹೇಳುತ್ತಿದ್ದೆ. ಹೇಳಲಿಲ್ಲ, ಯಾಕೆಂದರೆ ಅದರಲ್ಲಿ ನಿನ್ನ ಕೋಟಿದೆ. ಅವಳು ಅದನ್ನು ಸುಡಲಿಲ್ಲ. ಸುಟ್ಟೆ ಎಂದು ನಿನಗೆ ಹೇಳಿಬಿಟ್ಟಿದ್ದಳು, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸೇ ಅವಳು? ಚಳಿಗಾಲವೆಲ್ಲ ತನ್ನ ಬೀರುವಿನಲ್ಲಿ ಕಂಬಳಿಗಳ ಅಡಿಗೆ ಇಡುತ್ತಿದ್ದಳು. ಬೇಸಿಗೆ ಬಂದರೆ, ಕ್ರಿಸ್‌ಮಸ್‌ಗೆ ನೀನೇನಾದರೂ ಬಂದು ಬೀರು ತೆಗೆದೀಯ ಎಂದು, ಜೇಬುಗಳಿಗೆ ನುಸಿಗುಳಿಗೆ ತುಂಬಿ, ಮೇಣಬಟ್ಟೆಯಲ್ಲಿ ಸುತ್ತಿ, ಚೀಲದೊಳಗಿಟ್ಟು ಚಿಮ್ನಿಗೆ ಏರಿಸುತ್ತಿದ್ದಳು. ಆನ್ಜಾಕ್ ದಿನ ಇಳಿಸಿ, ಕೊಡವಿ, ಹಿತ್ತಲ ಹಗ್ಗದ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು. "ಅವಳಿಗೆ ಹೇಳಿದ್ಯೋ, ನಿನ್ನ ಚರ್ಮ ಸುಲೀತೀನಿ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅದಕ್ಕೇ ಒಳಗೆ ಕೆದಕಬೇಡ ಎಂದು ಬರೆದೆ. ಸತ್ತವಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ಬದುಕಿರುವವಳನ್ನು...

ಆ ಮಾತು ಮುಗಿಸಲಾರೆ.

ಕಂಬಳಿ ಒತ್ತು ಎಂದವನು ನಾನು. ಇಟ್ಟಿಗೆಯ ತೂತು ಮುಚ್ಚು ಎಂದವನು ನಾನು. ರಾತ್ರಿಯಿಡೀ ಉರಿಸು ಎಂದವನೂ ನಾನೇ. ಇಲ್ಲಿ ನಮ್ಮ ಎಂಜಿನ್ ಮನೆಯಲ್ಲಿ ಹೊಗೆಕೊಳವೆ ಕಟ್ಟಿದರೆ ಎಣ್ಣೆ ಒಲೆಯ ಉರಿ ಹೀಗೆಯೇ ಹಳದಿಯಾಗುತ್ತದೆ, ಡಡ್ಲಿ ಒಡನೆ ಬಾಗಿಲು ತೆಗೆಸುತ್ತಾನೆ. ಇಷ್ಟು ಕಲಿತವನು ನಿನ್ನ ಕಾಗದದಲ್ಲಿ ಹಳದಿ ಎಂಬುದನ್ನು ಓದಿ ಮುಂದಕ್ಕೆ ಹೋದೆ. ನಿನಗೆ ದುಃಖ ಹೆಚ್ಚಾಗಿದೆ ಎಂದುಕೊಂಡೆ. ಹೆಂಗಸು ಹೆದರಿದ್ದೇನೆ ಎಂದರೆ ಗಂಡಸಿಗೆ ಕೇಳಿಸುವುದು ಅಷ್ಟೇ.

ನೋರಿ, ಚಿಕ್ಕವನಿದ್ದಾಗ ನಾನು ಹೆದರಿದರೆ ಗೋಡೆಗೆ ಎರಡು ಸಲ ಕುಟ್ಟುತ್ತಿದ್ದೆ, ನೀನು ಆಚೆಯಿಂದ ಕುಟ್ಟುತ್ತಿದ್ದೆ. ಈಗ ಕುಟ್ಟುತ್ತಿದ್ದೇನೆ. ಒಂದು ಸಲ ಕುಟ್ಟು.

ಆಥಲ್


ಬ್ಯಾಲರಾಟ್
4 ಜುಲೈ 1975

ಪ್ರೀತಿಯ ಆಥಲ್,

ಬದುಕಿದ್ದೇವೆ. ಇಬ್ಬರೂ. ಮೊದಲು ಅದನ್ನು ಬರೆದುಬಿಡುತ್ತೇನೆ. ಆಸ್ಪತ್ರೆಯವರು ರೇಡಿಯೊದಲ್ಲಿ ಹೇಳಿಸಿದ್ದಾರಂತೆ, ಕೇಳಿಸಿತೋ ಇಲ್ಲವೋ. ಮೂರು ದಿನ ಮೂಗಿಗೆ ಆಮ್ಲಜನಕ ಕೊಟ್ಟು, ಇನ್ನೂ ಮೂರು ದಿನ ಇರಿಸಿಕೊಂಡು, ನಿನ್ನೆ ಮನೆಗೆ ಕಳಿಸಿದರು. ಟ್ರೂಡಿಯ ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಹೋಗುತ್ತದೆ ಎಂದಿದ್ದಾರೆ. ಹೋಗಬೇಕು.

ನಿನ್ನ ತಂತಿ ಹೇಗೆ ಬಂತು ಗೊತ್ತೇ? ತಂತಿಯವನು ಬಾಗಿಲು ಬಡಿದನಂತೆ. ನನಗೆ ಕೇಳಿಸಲಿಲ್ಲ, ಆಗಲೇ ನಾವಿಬ್ಬರೂ ನೆಲದ ಮೇಲಿದ್ದೆವು. ಯಾರೂ ತೆಗೆಯದಿದ್ದರೆ ಬಾಗಿಲ ಕೆಳಗೆ ತೂರಿಸಿ ಹೋಗುವುದು ಅವನ ರೂಢಿ. ತೂರಿಸಲು ನೋಡಿದರೆ ಕಾಗದ ಒಳಗೆ ಹೋಗಲೇ ಇಲ್ಲ. ನೀನು ಒತ್ತಿಸಿದ ಕಂಬಳಿ ಅಡ್ಡ ಇತ್ತು. ತುರ್ತು ಎಂದು ಬರೆದದ್ದನ್ನು ಮಳೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗದೆ ಹಿತ್ತಲಿಗೆ ಸುತ್ತಿ ಬಂದ. ಅಲ್ಲಿ ಟಫಿ ಅವನ ಪ್ಯಾಂಟು ಹಿಡಿದುಕೊಂಡಿತು. ಅಡುಗೆಮನೆಯ ಬಾಗಿಲಿಗೆ ನಾವು ಯಾವತ್ತೂ ಬೀಗ ಹಾಕಿದವರಲ್ಲ. "ತಂತಿ ಅಮ್ಮಾ! ಒಳಗೆ ಯಾರಾದ್ರೂ ಇದೀರಾ? ನಿಮ್ಮ ನಾಯಿ ನನ್ನ ಕಾಲೇ ಬಿಡ್ತಿಲ್ಲ!" ಎಂದು ಕೂಗಿಕೊಂಡೇ ಒಳಬಂದನಂತೆ. ಮೊದಲು ಮಗುವನ್ನು ಎತ್ತಿಕೊಂಡು ಹೋದ, ಆಮೇಲೆ ನನ್ನನ್ನು ಎಳೆದ. ನಾನು ಕಣ್ಣು ಬಿಟ್ಟಾಗ ಹಿತ್ತಲ ಹುಲ್ಲಿನ ಮೇಲೆ ಮಳೆಯಲ್ಲಿ ಮಲಗಿದ್ದೆ. ಟ್ರೂಡಿ ಪಕ್ಕದಲ್ಲಿ ಕಾರಿಕೊಳ್ಳುತ್ತಿದ್ದಳು. ಅಷ್ಟು ಒಳ್ಳೆಯ ಸದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಹಾಗಾಗಿ ಕಂಬಳಿಯ ವಿಷಯಕ್ಕೆ ನೀನು ಸಾಯುವವರೆಗೂ ಕೊರಗಬೇಡ. ಅದು ನಮ್ಮನ್ನು ಕೊಲ್ಲುವುದರಲ್ಲಿತ್ತು, ಅದೇ ಉಳಿಸಿತು. ಸ್ವಲ್ಪ ದಿನ ಕೊರಗು, ಸಾಕು. ಮಾತ್ರೆಯ ಬಗ್ಗೆ ಕೇಳಿದ್ದಕ್ಕೆ ಮಾತ್ರ ಪೂರ್ತಿ ಕೊರಗು.

ಗ್ಯಾಸ್ ಕಚೇರಿಯ ತನಿಖೆಯವನು ನಿನ್ನೆ ಬಂದು ತಗಡು ಬಿಚ್ಚಿದ. ಮಹಾ ಸಿಡುಕ. ಹೊಸ ಗ್ಯಾಸಿನಲ್ಲಿ ವಿಷವಿಲ್ಲ ಅಂದಿದ್ರಲ್ಲ ಎಂದು ನಾನು ಕೇಳಿದರೆ, "ಗ್ಯಾಸಲ್ಲಿ ಇಲ್ಲ ಕಣಮ್ಮ. ಹೊಗೆ ಹೋಗಕ್ಕೆ ದಾರಿ ಕೊಡ್ದೆ, ಗಾಳಿ ಬರಕ್ಕೆ ದಾರಿ ಕೊಡ್ದೆ ಉರಿಸಿದ್ರೆ ಅದೇ ವಿಷ ಮಾಡತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನೀವು ಉಳಿದಿದ್ದೇ ಪುಣ್ಯ," ಎಂದ. ನುಸಿಗುಳಿಗೆಯ ಕಥೆ ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಕೂಡಿಸಿದವನು ಒಂದು ಹೊಗೆಬತ್ತಿ ಹಚ್ಚಿ ಹೀಟರಿನ ಪಕ್ಕ ಹಿಡಿದಿದ್ದರೆ ಸಾಕಿತ್ತಂತೆ. ಹೊಗೆ ಒಳಕ್ಕೆ ಎಳೆದುಕೊಂಡರೆ ಚಿಮ್ನಿ ಸರಿ, ಕೋಣೆಗೆ ತಿರುಗಿ ಬಂದರೆ ಅಲ್ಲೇ ಆರಿಸಿ ನಿಲ್ಲಿಸಬೇಕು. ಚಿಮ್ನಿಯ ಉದ್ದಕ್ಕೂ ಹೊಸ ಕೊಳವೆ ಇಳಿಸಿ, ತುದಿಗೆ ಟೋಪಿ ಹಾಕಿ, ಇಟ್ಟಿಗೆಯ ತೂತನ್ನು ತೆರೆದಿಟ್ಟು, ಪರವಾನಗಿ ಇರುವವನು ಸಹಿ ಮಾಡುವವರೆಗೆ ಗ್ಯಾಸ್ ಮುಟ್ಟಕೂಡದು ಎಂದು ಕೆಂಪು ಚೀಟಿ ಕಟ್ಟಿ ಹೋಗಿದ್ದಾನೆ. ಕಟ್ಟದಿದ್ದರೂ ನಾನು ಮುಟ್ಟುತ್ತಿರಲಿಲ್ಲ. ಆ ಕೋಣೆಯ ಮುಂದೆ ಹಾದುಹೋಗುವಾಗ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಟ್ರೂಡಿ ಮಲಗಿದರೆ ಅವಳ ಮೂಗಿನ ಹತ್ತಿರ ಬೆರಳಿಡುತ್ತೇನೆ, ಎದ್ದು ಹೋಗಿ ಮತ್ತೆ ಬಂದು ಇಡುತ್ತೇನೆ. ಮರ್ವ್ ಬಂದು ಬಾಗಿಲಲ್ಲಿ ನಿಂತು ಚಿಕ್ಕ ಮಗುವಿನ ಹಾಗೆ ಅತ್ತ. ಬಿಯರ್ ಬಾಟಲಿಗಳನ್ನು ವಾಪಸ್ ತಂದಿದ್ದ. ಒಂದು ಕಡಿಮೆ ಇತ್ತು.

ಚೀಲವನ್ನು ತನಿಖೆಯವನು ಕೊಕ್ಕೆ ಹಾಕಿ ಎಳೆದ. ಮಸಿ, ಹಕ್ಕಿಯ ಗೂಡಿನ ಕಡ್ಡಿ, ಅದರ ಹಿಂದೆ ಆ ಮೇಣಬಟ್ಟೆಯ ಗಂಟು. "ಏನಮ್ಮ ಇದು, ಹೆಣಾನಾ?" ಎಂದ. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ, ಅದು ಇಂದು ಬೆಳಗ್ಗೆ ಬಂತು. ಆದರೂ ಗಂಟು ಬಿಚ್ಚುವ ಮೊದಲೇ ನನಗೆ ವಾಸನೆ ಬಡಿಯಿತು. ಕೋಟಿನ ಅಂಚು ಒಂದು ಕಡೆ ಸೀದುಹೋಗಿದೆ. ಉಳಿದದ್ದು ನಾನು ಗೂಟದ ಮೇಲೆ ಬಿಟ್ಟುಹೋದಂತೆಯೇ ಇದೆ. ಸಡಿಲವಾಗಿದ್ದ ಮೂರನೆಯ ಗುಂಡಿಯನ್ನು ಯಾರೋ ಹೊಲಿದಿದ್ದಾರೆ. ಹಸಿರು ದಾರ ಸಿಗಲಿಲ್ಲವೇನೋ, ಕಪ್ಪು ದಾರದಲ್ಲಿ. ಆ ಸಿಡುಕನ ಮುಂದೆಯೇ ನೆಲದ ಮೇಲೆ ಕೂತು ಅತ್ತೆ. ಅವನು ಮುಖ ತಿರುಗಿಸಿಕೊಂಡು ಕೊಳವೆ ಅಳೆಯುತ್ತ ನಿಂತ.

ನೀನು ಕುಟ್ಟಿದ್ದಕ್ಕೆ ಇದು ನನ್ನ ಕುಟ್ಟು. ಬೇಸಿಗೆಗೆ ರಜೆ ಹಾಕಿ ಬಾ. ಚಿಮ್ನಿಗೆ ಚೀಲ ಹಾಕುವುದಿಲ್ಲ, ಪಾಸಮ್ ಬಿದ್ದರೆ ಬೀಳಲಿ.

ಈಗ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿ ತೆರೆದಿದೆ, ಚಳಿ ಕೊರೆಯುತ್ತಿದೆ. ಟಫಿ ಮೇಜಿನ ಕೆಳಗೆ ನನ್ನ ಪಾದದ ಮೇಲೆಯೇ ಮಲಗಿದೆ. ಕೋಟು ಹಾಕಿಕೊಂಡಿದ್ದೇನೆ. ತೋಳು ಸರಿಯಾಗಿದೆ, ಗುಂಡಿ ಮಾತ್ರ ಹೊಟ್ಟೆಯ ಮೇಲೆ ಕೂಡುವುದಿಲ್ಲ. ಟ್ರೂಡಿ ಬಂದು ಅದರೊಳಗೆ ತೂರಿಕೊಂಡು, "ಅಮ್ಮ, ನಿನ್ನ ಮೈಯಿಂದ ಅಜ್ಜಿ ವಾಸನೆ ಬರ್ತಿದೆ," ಅಂದಳು.

ಹೌದು ಅಂದೆ. ಕಿಟಕಿ ಮಾತ್ರ ಮುಚ್ಚಲಿಲ್ಲ.

ನಿನ್ನ ಅಕ್ಕ,
ನೊರೀನ್